ಬಣ್ಣ ಬಳಿದ ಜಗತ್ತಿನ ನಕಾಶೆ

ಶ್ರೋತೃಗಳಿಗೆ ನಮಸ್ಕಾರ.

ಗದಗಿನ ಪ್ರೌಢಶಾಲೆಯೊಂದರಲ್ಲಿ ನಾನು ಭೂಗೋಲ ಕಲಿಸುತ್ತಿದ್ದ ಕಾಲದಲ್ಲಿ, ಗೋಡೆಯ ಮೊಳೆಗೆ ತೂಗುಹಾಕಿದ್ದ ಜಗತ್ತಿನ ನಕಾಶೆಯ ಮೇಲೆ ತೆಳುಕಾಗದವನ್ನಿಟ್ಟು ಭಾರತದ ಗೆರೆಯನ್ನು ತೆಗೆದುಕೊಂಡ ಹುಡುಗಿಯೊಬ್ಬಳು, ಆ ಕಾಗದವನ್ನು ಗ್ರೀನ್‌ಲ್ಯಾಂಡಿನ ಮೇಲೆ ಸರಿಸಿ, "ಸರ, ನಮ್ಮ ದೇಶ ಇಷ್ಟ ಸಣ್ಣದೇನ್ರೀ?" ಎಂದು ಕೇಳಿದಳು. ನಾನು ಹಲಗೆಯ ಮೇಲೆ ಎರಡು ಅಂಕಿ ಬರೆದೆ: ಭಾರತದ ವಿಸ್ತೀರ್ಣ ಸುಮಾರು 32.87 ಲಕ್ಷ ಚದರ ಕಿಲೋಮೀಟರ್. ಗ್ರೀನ್‌ಲ್ಯಾಂಡಿನದು ಸುಮಾರು 21.66 ಲಕ್ಷ. ಅವಳು ಕಾಗದವನ್ನೊಮ್ಮೆ, ಹಲಗೆಯನ್ನೊಮ್ಮೆ ನೋಡುತ್ತ ಬಹಳ ಹೊತ್ತು ಅಲ್ಲಿಯೇ ನಿಂತಿದ್ದಳು.

ಆ ನಕಾಶೆ 1569ರಲ್ಲಿ ನಕಾಶೆಗಾರ ಗೆರಾರ್ಡಸ್ ಮರ್ಕೇಟರ್ ರೂಪಿಸಿದ ಬಗೆಯದು. ಹಡಗಿನವರು ದಿಕ್ಸೂಚಿಯ ಒಂದೇ ದಿಕ್ಕನ್ನು ಹಿಡಿದು ಸಾಗುವ ದಾರಿ ಅದರಲ್ಲಿ ನೇರ ಗೆರೆಯಾಗಿ ಕಾಣುತ್ತದೆ. ಆ ಅನುಕೂಲಕ್ಕಾಗಿ ಧ್ರುವಗಳತ್ತ ಹೋದಂತೆ ಭೂಮಿಯನ್ನು ಹಿಗ್ಗಿಸಬೇಕಾಯಿತು. ಭೂಮಧ್ಯರೇಖೆಗೆ ಹತ್ತಿರವಿರುವ ನಾವು ಚಿಕ್ಕವರಾಗಿ ಕಂಡೆವು. ಸಮುದ್ರಯಾನಕ್ಕೆಂದು ಮಾಡಿದ ಈ ನಕಾಶೆಯನ್ನೇ ದೇಶ ದೇಶಗಳ ಹೋಲಿಕೆಗೂ ಬಳಸುವುದು ಸರಿಯಲ್ಲವೆಂದು ನಾನು ಬಲವಾಗಿ ನಂಬಿದ್ದೇನೆ.

ಇನ್ನು ಸಂಪತ್ತಿನ ನಕಾಶೆಗಳು. ಒಟ್ಟು ದೇಶೀಯ ಉತ್ಪನ್ನದ ಲೆಕ್ಕದಲ್ಲಿ ಬಣ್ಣ ಹಚ್ಚಿದರೆ ಭಾರತ ಮುಂಚೂಣಿಯ ದೇಶಗಳ ಸಾಲಿಗೆ ಸೇರುತ್ತದೆ. ಅದೇ ಮೊತ್ತವನ್ನು ಜನಸಂಖ್ಯೆಯಿಂದ ಭಾಗಿಸಿ ಮತ್ತೆ ಹಚ್ಚಿದರೆ ನಾವು ಬಹಳ ಕೆಳಗಿಳಿಯುತ್ತೇವೆ. ನಮ್ಮ ಧಾರವಾಡ ಜಿಲ್ಲೆಗಿಂತಲೂ ಚಿಕ್ಕದಾದ ಲಕ್ಸೆಂಬರ್ಗ್ ತುದಿಗೇರುತ್ತದೆ. ಹಣವೊಂದರಿಂದಲೇ ಬಾಳನ್ನು ಅಳೆಯಲಾಗದೆಂದು ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಅವರ ಮುಂದಾಳತ್ವದಲ್ಲಿ 1990ರಲ್ಲಿ ಬಂದ ಮಾನವ ಅಭಿವೃದ್ಧಿ ಸೂಚ್ಯಂಕವು ಆಯುಸ್ಸು ಮತ್ತು ಶಿಕ್ಷಣವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು.

ಸಂಸ್ಕೃತಿಗೂ ನಕಾಶೆ ಇದೆ. ಹಲವು ದೇಶಗಳ ಜನರಿಗೆ ಅವರ ನಂಬಿಕೆ, ಮೌಲ್ಯಗಳ ಬಗ್ಗೆ ಪ್ರಶ್ನೆ ಕೇಳುವ, 1981ರಲ್ಲಿ ಆರಂಭವಾದ ವಿಶ್ವ ಮೌಲ್ಯ ಸಮೀಕ್ಷೆಯ ಉತ್ತರಗಳನ್ನಾಧರಿಸಿ ರಾಜ್ಯಶಾಸ್ತ್ರಜ್ಞರಾದ ಇಂಗಲ್‌ಹಾರ್ಟ್ ಮತ್ತು ವೆಲ್ಜೆಲ್ ರಚಿಸಿದ ಚಿತ್ರದಲ್ಲಿ ದೇಶಗಳು ಕುಳಿತಿರುವುದು ನೆಲದ ನೆರೆಹೊರೆಯಂತಲ್ಲ, ಜನರ ನಂಬಿಕೆಗಳ ನೆರೆಹೊರೆಯಂತೆ. ಆದರೆ ಹಾವೇರಿಯ ಒಂದೇ ಮನೆಯಲ್ಲಿ ಅತ್ತೆಗೂ ಸೊಸೆಗೂ ಅದೇ ಪ್ರಶ್ನೆಯನ್ನು ಕೇಳಿದರೆ ಎರಡು ಉತ್ತರ ಬಂದೀತು.

ನನ್ನನ್ನು ಹೆಚ್ಚು ಕಾಡುವುದು ಬಣ್ಣ ಬದಲಾಗುವ ಗಡಿ. 1826ರಲ್ಲಿ ಗಣಿತಜ್ಞ ಶಾರ್ಲ್ ದ್ಯುಪಾಂ ಫ್ರಾನ್ಸಿನ ಶಿಕ್ಷಣದ ಸ್ಥಿತಿಯನ್ನು ತಿಳಿ ಮತ್ತು ಗಾಢ ಛಾಯೆಗಳಲ್ಲಿ ತೋರಿಸಿದಂದಿನಿಂದ, ಯಾವ ಅಂಕಿಯ ಬಳಿ ಛಾಯೆ ಬದಲಾಗಬೇಕೆಂಬುದನ್ನು ನಕಾಶೆ ಬರೆಯುವವರೇ ತೀರ್ಮಾನಿಸುತ್ತ ಬಂದಿದ್ದಾರೆ. 2011ರ ಜನಗಣತಿಯಂತೆ ಕರ್ನಾಟಕದ ಸಾಕ್ಷರತೆ ಶೇ. 75.36; ಗದಗ ಜಿಲ್ಲೆಯದು ಶೇ. 75.12. ರಾಜ್ಯದ ಸರಾಸರಿಯನ್ನೇ ಗಡಿಯಾಗಿಟ್ಟರೆ ನಮ್ಮ ಗದಗಿಗೆ ಹಿಂದುಳಿದ ಜಿಲ್ಲೆಯ ಬಣ್ಣ ಬೀಳುತ್ತದೆ, ಶೇ. 75ರ ಬಳಿ ಗೆರೆ ಎಳೆದರೆ ಅದೇ ಗದಗು ಹಾವೇರಿ, ಧಾರವಾಡಗಳ ಜೊತೆಗೆ ನಿಲ್ಲುತ್ತದೆ. ಗೆರೆ ಸರಿದದ್ದರಿಂದ ಇನ್ನೊಂದು ಮಗುವೂ ಹೊಸದಾಗಿ ಓದು ಕಲಿತಿರುವುದಿಲ್ಲ.

1997ಕ್ಕೆ ಮೊದಲು ಈ ಮೂರೂ ಒಂದೇ ಜಿಲ್ಲೆಯಾಗಿದ್ದುದರಿಂದ, ಆಗಿನ ಜಿಲ್ಲಾವಾರು ನಕಾಶೆಗಳಲ್ಲಿ ಹುಬ್ಬಳ್ಳಿಯ ಪೇಟೆಗೂ ಶಿರಹಟ್ಟಿಯ ಹೊಲಕ್ಕೂ ಒಂದೇ ಬಣ್ಣವಿತ್ತು. ಜಗತ್ತಿನ ನಕಾಶೆಯಲ್ಲಿ ಇಂದಿಗೂ ಕೇರಳಕ್ಕೂ ಬಿಹಾರಕ್ಕೂ ನಮಗೂ ಸೇರಿ ಇರುವುದು ಒಂದೇ ಬಣ್ಣ.