ಕಮೋಡ್ ಮುಚ್ಚಳದ ಮೇಲೆ ಕೂತವನು

ನಮಸ್ಕಾರ ಕೇಳುಗರೇ, ಇವತ್ತು ಸ್ವಲ್ಪ ಹೊಟ್ಟೆ ಉರಿ ಹೇಳ್ಕೊಳೋಣ ಅಂತ ಬಂದಿದೀನಿ. ಹೆದರಿಸೋ ಕಾದಂಬರಿ ಬರೆಯೋ ಅಮೆರಿಕದ ಸ್ಟೀಫನ್ ಕಿಂಗ್ ಅಂದ್ರೆ ನಂಗೆ ಪ್ರಾಣ, ಅವರ 'ಪೆಟ್ ಸೆಮೆಟರಿ' ಓದಿ ಒಂದು ವಾರ ಹಿತ್ತಲಿಗೆ ಹೋಗೋಕೂ ಲೈಟ್ ಹಾಕ್ಕೊಂಡೇ ಹೋಗ್ತಿದ್ದೋನು ನಾನು. ಅದೇ ನಂಬಿಕೆ ಮೇಲೆ ಅವರ 2001ರ ಕಾದಂಬರಿ 'ಡ್ರೀಮ್‌ಕ್ಯಾಚರ್' ಹಿಡ್ಕೊಂಡೆ, ಆರುನೂರು ಪುಟದ ಇಟ್ಟಿಗೆ.

ಶುರು ಏನ್ ಚೆನ್ನಾಗಿದೆ ಅಂತೀರಿ. ಅಮೆರಿಕದ ಮೇನ್ ರಾಜ್ಯದ ಕಾಡು, ಹಿಮ, ಬೇಟೆಗೆ ಬಂದ ನಾಲ್ಕು ಜನ ಹಳೇ ದೋಸ್ತುಗಳು, ದಾರಿ ತಪ್ಪಿ ಬಂದವನೊಬ್ಬ, ಅವನ ಹೊಟ್ಟೇಲಿ ಏನೋ ಗುಡುಗುಡು. ಅವನು ಬಾತ್‌ರೂಮಲ್ಲೇ ಸಾಯ್ತಾನೆ, ಅವನಿಂದ ಬಿದ್ದ ಹುಳದಂಥದ್ದೊಂದು ಕಮೋಡೊಳಗೆ ಒದ್ದಾಡ್ತಿದೆ, ಆ ನಾಲ್ವರಲ್ಲಿ ಬೀವರ್ ಅನ್ನೋನು ಮುಚ್ಚಳ ಹಾಕಿ ಮೇಲೆ ಕೂತಿದಾನೆ, ಗೆಳೆಯ ಮುಚ್ಚಳಕ್ಕೆ ಸುತ್ತೋ ಟೇಪ್ ತರೋಕೆ ಶೆಡ್ಡಿಗೆ ಓಡಿದಾನೆ. ಈ ಬೀವರ್‌ಗೆ ಟೂತ್‌ಪಿಕ್ ಜಗಿಯೋ ಚಟ. ಕಡ್ಡಿಗಳೆಲ್ಲ ನೆಲದ ಮೇಲೆ ಚೆಲ್ಲಿವೆ, ರಕ್ತ ತಾಗದೇ ಇರೋ ಒಂದೆರಡು ಸ್ವಲ್ಪ ದೂರದಲ್ಲಿವೆ, ಎದ್ರೆ ಸತ್ತ, ಆದ್ರೂ ಕೈ ಚಾಚ್ತಾನೆ. ಬಸ್ಸಲ್ಲಿ ಓದ್ತಿದ್ದೆ, ಬೇಡ ಕಣೋ ಅಂತ ಜೋರಾಗೇ ಅಂದ್ಬಿಟ್ಟೆ, ಪಕ್ಕದ ಅಜ್ಜಿ ಕೊಡೋಕೆ ಬಂದ ಕಡಲೆಕಾಯಿ ವಾಪಸ್ ತಗೊಂಡ್ರು.

ಆಮೇಲೆ ಶುರುವಾಯ್ತು ಗೋಳು. ಮಿಲಿಟರಿ, ಹೆಲಿಕಾಪ್ಟರು, ತಲೆಕೆಟ್ಟ ಆಫೀಸರು. ಅನ್ಯಗ್ರಹದ ಜೀವಿಯೊಂದು ಆ ನಾಲ್ವರಲ್ಲೇ ಜೋನ್ಸಿ ಅನ್ನೋನ ಮೈಮೇಲೆ ಬಂದು ಮ್ಯಾಸಚೂಸೆಟ್ಸ್‌ನ ಕ್ವಾಬಿನ್ ಜಲಾಶಯ ಕೆಡಿಸೋಕೆ ಹೊರಡುತ್ತೆ, ಪುಟಗಟ್ಟಲೆ ಬರೀ ಚೇಸಿಂಗು, ಮಧ್ಯೆ ಅದಕ್ಕೆ ಬೇಕನ್ ಅಂದ್ರೆ ಹಂದಿ ಮಾಂಸದ ರುಚಿ ಹತ್ತುತ್ತೆ! ನಮ್ಕಡೆ ಮೈಮೇಲೆ ಬಂದಿದ್ದು ಕೋಳಿ ಕೇಳುತ್ತೆ ನಿಜ, ಆದ್ರೆ ಅದು ಕೇಳೋ ದನಿಗೇ ಮೈ ಜುಂ ಅನ್ನುತ್ತಲ್ಲ, ಇಲ್ಲಿ ನಗು ಬರುತ್ತೆ ಕಣ್ರೀ.

ಬೈಯೋಣ ಅಂದ್ರೆ ಪೂರ್ತಿ ಬೈಯೋಕೂ ಆಗಲ್ಲ. 1999ರ ಜೂನ್ 19ಕ್ಕೆ ವ್ಯಾನ್ ಗುದ್ದಿ ಸೊಂಟ, ಕಾಲು ಮುರ್ಕೊಂಡಿದ್ದ ಮನುಷ್ಯ ಈ ಕಿಂಗ್, ಕಂಪ್ಯೂಟರ್ ಮುಂದೆ ಕೂತ್ರೆ ನೋವು ಅಂತ ಅಷ್ಟೂ ಪುಟದ ಡ್ರಾಫ್ಟ್ ಪೆನ್ನಲ್ಲೇ ಬರೆದ್ರು. ಆಗ ನೋವಿನ ಮಾತ್ರೆ ತುಂಬ ತಗೋತಿದ್ದೆ, ಆ ಪುಸ್ತಕ ನನಗೂ ಅಷ್ಟೇನು ಇಷ್ಟ ಇಲ್ಲ ಅಂತ 2014ರಲ್ಲಿ ಅವರೇ ಒಂದು ಸಂದರ್ಶನದಲ್ಲಿ ಒಪ್ಕೊಂಡಿದಾರೆ. ಜೋನ್ಸಿಗೂ ಗಾಡಿ ಗುದ್ದಿರುತ್ತೆ, ಅದೇ ಸೊಂಟ ನೋವು, ಅವನು ಕುಂಟೋ ಸಾಲು ಬಂದಾಗ್ಲೆಲ್ಲ ಬರವಣಿಗೆ ಮತ್ತೆ ಜೀವ ತಗೊಳುತ್ತೆ. ಸರಿಯಾಗಿ ಕೂರೋಕಾಗದವರು ಬರೆದಿದ್ದಕ್ಕೇ ಏನೋ, ಏಳೋಕಾಗದ ಬೀವರ್ ಅಷ್ಟು ಚೆನ್ನಾಗಿ ಬಂದಿರೋದು.

ಹಳೇ ಪುಸ್ತಕದಂಗಡಿಗೆ ಹಾಕೋಣ ಅಂತ ಎರಡು ಸಲ ಚೀಲಕ್ಕೆ ತುಂಬಿ ಎರಡೂ ಸಲ ತೆಗೆದಿಟ್ಟೆ. ಬಾತ್‌ರೂಮ್ ಅಧ್ಯಾಯ ಮುಗಿಯೋ ಪುಟದ ಮೂಲೆ ಮಡಚಿದೀನಿ, ಅದರಾಚೆ ಹೋಗಲ್ಲ.