ಗೀರಿದ ನಾಣ್ಯ: ಟೂ-ಫೇಸ್ ಯಾಕೆ ಇಬ್ಬರಾದ?

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ, ದೋಸೆ ಬಿಟ್ಟು, ಅಮೆರಿಕದ ಒಬ್ಬ ಕಾಮಿಕ್ಸ್ ಖಳನ ಬಗ್ಗೆ ಕೇಳಲು ಮೈಸೂರಿನಲ್ಲಿ ಇಷ್ಟು ಜನ ಸೇರಿದ್ದೀರಿ. ಸಂತೋಷ. ಮುಂದಿನ ಸಾಲಿನಲ್ಲಿ ಒಂದಿಬ್ಬರು ವಕೀಲರೂ ಕಾಣಿಸುತ್ತಿದ್ದಾರೆ. ನಾನು ಹೇಳಲು ಹೊರಟಿರುವ ಮನುಷ್ಯನೂ ವಕೀಲನೇ. ಬೇಜಾರು ಮಾಡಿಕೊಳ್ಳಬೇಡಿ.

ಅವನ ಹೆಸರು ಹಾರ್ವಿ ಡೆಂಟ್. ಬ್ಯಾಟ್‌ಮನ್ ಕಥೆಗಳು ನಡೆಯುವ ಗಾಥಮ್ ನಗರದ ಸರ್ಕಾರಿ ವಕೀಲ. ಆಮೇಲೆ ಅವನೇ ಟೂ-ಫೇಸ್. ಅರ್ಧ ಮುಖ ಸುಟ್ಟುಹೋದವನು, ಕಳ್ಳತನ ಮಾಡಬೇಕೋ ಬೇಡವೋ ಅಂತ ನಾಣ್ಯ ಚಿಮ್ಮಿಸಿ ನೋಡುವವನು. ಸಿನಿಮಾ ನೋಡಿದವರಿಗೆ ಇಷ್ಟು ಗೊತ್ತೇ ಇರುತ್ತದೆ. ನನಗೆ ಕುತೂಹಲ ಇರುವುದು ಒಂದೇ ವಿಷಯದಲ್ಲಿ. ಈ ಮನುಷ್ಯ ಯಾಕೆ ಇಬ್ಬರಾದ? ಅವನ ಕಥೆ ಬರೆದವರು 80 ವರ್ಷಗಳಲ್ಲಿ ಇದಕ್ಕೆ ಒಂದೇ ಉತ್ತರ ಕೊಟ್ಟಿಲ್ಲ. ಖಳ ಅವನೇ. ನಾಣ್ಯವೂ ಹೆಚ್ಚುಕಡಿಮೆ ಅದೇ. ಕಾರಣ ಮಾತ್ರ ಜಾಗ ಬದಲಿಸುತ್ತಲೇ ಇದೆ.

ಮೊದಲ ಕಥೆ ಬಂದದ್ದು 1942ರ ಆಗಸ್ಟ್‌ನಲ್ಲಿ, ಡಿಟೆಕ್ಟಿವ್ ಕಾಮಿಕ್ಸ್ ಪತ್ರಿಕೆಯ 66ನೇ ಸಂಚಿಕೆಯಲ್ಲಿ. ನಮ್ಮಲ್ಲಿ ಆ ತಿಂಗಳು ಕ್ವಿಟ್ ಇಂಡಿಯಾ ಗಲಾಟೆ. ಅಲ್ಲಿ ಹತ್ತು ಸೆಂಟ್ ಕೊಟ್ಟ ಹುಡುಗರು ಒಂದು ಕೋರ್ಟಿನ ದೃಶ್ಯ ನೋಡುತ್ತಿದ್ದರು. ಮೊರೋನಿ ಅನ್ನುವ ರೌಡಿ ನಾಯಕನ ಮೇಲೆ ಕೊಲೆ ಕೇಸು. ಸಾಕ್ಷಿ ಹೇಳಲು ಬಂದವನು ಸ್ವತಃ ಬ್ಯಾಟ್‌ಮನ್. ಮುಖವಾಡ ಹಾಕಿಕೊಂಡೇ ಬಂದಿದ್ದಾನೆ, ಜಡ್ಜ್ ಏನೂ ಅನ್ನುವುದಿಲ್ಲ! ಪಾಟೀಸವಾಲು ಹೇಗೆ ಮಾಡುತ್ತಾರೋ ವಕೀಲರೇ ಹೇಳಬೇಕು. ನಮ್ಮ ಹೀರೋ ವಕೀಲ ಮೊರೋನಿಯ ಅದೃಷ್ಟದ ನಾಣ್ಯವನ್ನು ಎತ್ತಿ ತೋರಿಸುತ್ತಾನೆ. ಬೆಳ್ಳಿ ಡಾಲರ್, ಎರಡೂ ಕಡೆ ತಲೆಯೇ ಇರುವ ಮೋಸದ ನಾಣ್ಯ, ಅದರ ಮೇಲೆ ಮೊರೋನಿಯ ಬೆರಳಚ್ಚು. ಸಿಕ್ಕಿಬಿದ್ದೆ ಅಂತ ಗೊತ್ತಾದ ಕೂಡಲೇ ಮೊರೋನಿ ಆಸಿಡ್ ಎರಚುತ್ತಾನೆ. ಬ್ಯಾಟ್‌ಮನ್ ಅಡ್ಡ ಬಂದದ್ದರಿಂದ ಸುಟ್ಟದ್ದು ಅರ್ಧ ಮುಖ ಮಾತ್ರ.

ಮುಂದಿನ ಪುಟಗಳೇ ಈ ಕಥೆಯ ಜೀವ. ಹಾರ್ವಿ ಬಲು ಚೆಲುವ, ಊರೆಲ್ಲ ಅವನನ್ನು ಅಪೋಲೋ ಅಂತ ಕರೆಯುತ್ತಿತ್ತು. ಅವನ ಹುಡುಗಿ ಗಿಲ್ಡಾ ಶಿಲ್ಪಿ, ಅವನದೇ ಮೂರ್ತಿ ಮಾಡುತ್ತಿದ್ದವಳು. ಬ್ಯಾಂಡೇಜ್ ಬಿಚ್ಚಿದ ಮೇಲೆ ಅವಳ ಹತ್ತಿರ ಹೋಗುತ್ತಾನೆ. ಅವಳು ಬೆಚ್ಚಿ ಹಿಂದೆ ಸರಿಯುತ್ತಾಳೆ. ಅವನು ಆ ಮೂರ್ತಿಯ ಅರ್ಧ ಮುಖ ಕೆಡಿಸುತ್ತಾನೆ. ಆಮೇಲೆ ಮೊರೋನಿಯ ನಾಣ್ಯ ತೆಗೆದುಕೊಂಡು ಒಂದು ಕಡೆ ಚಾಕುವಿನಿಂದ ಗೀರುತ್ತಾನೆ. ಚೆನ್ನಾಗಿರುವ ಕಡೆ ಬಿದ್ದರೆ ಒಳ್ಳೆಯದು ಮಾಡುತ್ತೇನೆ, ಗೀರಿದ ಕಡೆ ಬಿದ್ದರೆ ಕೆಟ್ಟದ್ದು.

ಅಂದರೆ 1942ರ ಉತ್ತರ ತುಂಬಾ ಸರಳ. ಅವನು ಒಡೆದದ್ದು ಹೊರಗಿನಿಂದ, ಒಂದೇ ನಿಮಿಷದಲ್ಲಿ. ಮುಖ ಕೆಟ್ಟಿತು, ಮನಸ್ಸು ಕೆಟ್ಟಿತು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಕರ್ನಾಟಕದಲ್ಲಿ ಕೂತು ಈ ಕಥೆ ಓದುವವರಿಗೆ ಆಸಿಡ್ ಅನ್ನುವುದು ಬರೀ ಕಾಮಿಕ್ಸ್ ವಸ್ತುವಲ್ಲ. ಮುಖಕ್ಕೆ ಆಸಿಡ್ ಬಿದ್ದ ಹೆಣ್ಣುಮಕ್ಕಳು ನಮ್ಮ ರಾಜ್ಯದಲ್ಲೇ ಇದ್ದಾರೆ. ಅವರು ಯಾರೂ ನಾಣ್ಯ ಹಿಡಿದುಕೊಂಡು ಬ್ಯಾಂಕ್ ದೋಚಲು ಹೋಗಲಿಲ್ಲ. ಆಪರೇಷನ್ ಮೇಲೆ ಆಪರೇಷನ್ ಮಾಡಿಸಿಕೊಂಡು ಕೋರ್ಟು ಕಚೇರಿ ಅಲೆದರು. 2013ರಲ್ಲಿ ದಂಡ ಸಂಹಿತೆಗೆ 326ಎ ಕಲಂ ಸೇರಿ, ಆಸಿಡ್ ದಾಳಿಗೆ ಕನಿಷ್ಠ ಹತ್ತು ವರ್ಷ ಜೈಲು ಅಂತ ಆದದ್ದರ ಹಿಂದೆ ಇಂಥವರ ಹೋರಾಟ ಇದೆ. ಮುಖ ಸುಟ್ಟರೆ ಮನುಷ್ಯ ಖಳನಾಗುತ್ತಾನೆ ಅನ್ನುವುದು ಹಳೇ ಕಥೆಗಳ ಸೋಮಾರಿತನ. ನಮ್ಮ ಸಿನಿಮಾಗಳಲ್ಲೂ ಕೆನ್ನೆ ಮೇಲೆ ಗಾಯದ ಗುರುತು ಇದ್ದರೆ ಅವನು ವಿಲನ್ನೇ, ಅಲ್ವಾ?

ಸರಿ, ಈ ಟೂ-ಫೇಸ್‌ನನ್ನು ಮಾಡಿದವರು ಯಾರು? ಬಾಬ್ ಕೇನ್ ಮತ್ತು ಬಿಲ್ ಫಿಂಗರ್. ಹೊರಗೆ ಕಾಣುತ್ತಿದ್ದದ್ದು ಕೇನ್ ಹೆಸರು ಒಂದೇ. ಫಿಂಗರ್ 1974ರಲ್ಲಿ ತೀರಿಕೊಂಡರು. ಬ್ಯಾಟ್‌ಮನ್ ಸೃಷ್ಟಿಯಲ್ಲಿ ಅವರಿಗೂ ಪಾಲಿದೆ ಅಂತ ಅಧಿಕೃತವಾಗಿ ಹೆಸರು ಹಾಕಲು ಶುರು ಮಾಡಿದ್ದು 2015ರಲ್ಲಿ. ಮೊದಲ ಕಥೆಯಲ್ಲಿ ವಕೀಲನ ಹೆಸರು ಹಾರ್ವಿ ಕೆಂಟ್ ಅಂತ ಇತ್ತು. ಸೂಪರ್‌ಮ್ಯಾನ್ ಕ್ಲಾರ್ಕ್ ಕೆಂಟ್ ಜೊತೆ ಗೊಂದಲ ಬೇಡ ಅಂತ ಮುಂದೆ ಡೆಂಟ್ ಆಯಿತು.

ಈ ಕಲ್ಪನೆಗೆ ಮೂಲ, ಒಬ್ಬನೇ ಮನುಷ್ಯ ಒಳ್ಳೆಯವನು ಕೆಟ್ಟವನು ಅಂತ ಇಬ್ಬರಾಗುವ ಜೆಕಿಲ್ ಮತ್ತು ಹೈಡ್ ಕಥೆ ಅಂತ ಕೇನ್ ಅವರೇ ಹೇಳಿದ್ದಾರೆ. ಸ್ಟೀವನ್‌ಸನ್ ಬರೆದ ಆ ಕಾದಂಬರಿ ಪ್ರಕಟವಾದದ್ದು 1886ರಲ್ಲಿ. ಅದಕ್ಕೂ ಹಿಂದೆ ಒಬ್ಬ ನಿಜವಾದ ಮನುಷ್ಯ ಇದ್ದಾನೆ. ಎಡಿನ್‌ಬರೋ ಊರಿನ ವಿಲಿಯಂ ಬ್ರೋಡಿ. ಹಗಲು ಮರಗೆಲಸದ ದೊಡ್ಡ ಮೇಸ್ತ್ರಿ, ಊರಿನ ಕೌನ್ಸಿಲರ್. ರಾತ್ರಿ ಕನ್ನ ಹಾಕುವ ಕಳ್ಳ. ಯಾರ ಮನೆಗೆ ಬೀಗ ಹಾಕಿಕೊಡುತ್ತಿದ್ದನೋ ಅವರ ಬೀಗದ ಕೈ ಅಚ್ಚು ತೆಗೆದು ಇಟ್ಟುಕೊಳ್ಳುತ್ತಿದ್ದ. 1788ರಲ್ಲಿ ಗಲ್ಲಿಗೇರಿಸಿದರು. ಅವನು ಮಾಡಿದ ಒಂದು ಬೀರು ಸ್ಟೀವನ್‌ಸನ್ ಚಿಕ್ಕ ಹುಡುಗನಾಗಿದ್ದಾಗ ಅವರ ಕೋಣೆಯಲ್ಲೇ ಇತ್ತು. ಅವನ ಬಗ್ಗೆ ಅವರು ಗೆಳೆಯನ ಜೊತೆ ಸೇರಿ ಒಂದು ನಾಟಕವನ್ನೂ ಬರೆದರು. ಬ್ರೋಡಿಗೆ ಕಾಯಿಲೆ ಗೀಯಿಲೆ ಏನೂ ಇರಲಿಲ್ಲ. ಜೂಜಿನ ಸಾಲ ಇತ್ತು, ಎರಡು ಸಂಸಾರ ಇತ್ತು. ಇಂಥವರು ಎಲ್ಲ ಊರಲ್ಲೂ ಇರುತ್ತಾರೆ, ನಮ್ಮ ಊರನ್ನು ಸುಮ್ನೆ ಬಿಟ್ಟುಬಿಡೋಣ.

ಮತ್ತೆ ಕಾಮಿಕ್ಸ್‌ಗೆ ಬರೋಣ. ಮೊದಲ ಕಥೆಯ ಕೊನೆ ಸೊಗಸಾಗಿದೆ. ಶರಣಾಗಬೇಕೋ ಬೇಡವೋ ಅಂತ ಟೂ-ಫೇಸ್ ನಾಣ್ಯ ಚಿಮ್ಮಿಸುತ್ತಾನೆ. ಅದು ಬಿರುಕಿನಲ್ಲಿ ಸಿಕ್ಕಿ ನೆಟ್ಟಗೆ ನಿಂತುಬಿಡುತ್ತದೆ! ಮುಂದಿನ ಭಾಗಕ್ಕೆ ಓದುಗರು ಅಕ್ಟೋಬರ್‌ವರೆಗೂ ಕಾಯಬೇಕಾಯಿತು. 1943ರಲ್ಲಿ ಮೂರನೇ ಕಥೆ. ಅದರಲ್ಲಿ ಪ್ಲಾಸ್ಟಿಕ್ ಸರ್ಜರಿ ಆಗಿ ಮುಖ ಸರಿಹೋಗುತ್ತದೆ, ಮನುಷ್ಯನೂ ಸರಿಹೋಗುತ್ತಾನೆ, ಗಿಲ್ಡಾ ಜೊತೆ ಮತ್ತೆ ಒಂದಾಗುತ್ತಾನೆ. ರೋಗ ಚರ್ಮದಲ್ಲಿದ್ದರೆ ಮದ್ದೂ ಚರ್ಮಕ್ಕೇ ತಾನೇ. 1942ರ ತರ್ಕಕ್ಕೆ ಇದು ಸರಿಯಾಗೇ ಇದೆ.

ಆದರೆ ಒಳ್ಳೇ ಖಳನನ್ನು ಯಾರು ತಾನೇ ಬಿಡುತ್ತಾರೆ? ಹಾರ್ವಿ ಗುಣವಾಗಿದ್ದಾನೆ, ಟೂ-ಫೇಸ್ ಬೇಕು. ಹಾಗಾಗಿ ನಕಲಿಗಳು ಬಂದರು. 1948ರಲ್ಲಿ ಅವನ ಮನೆಯ ಬಟ್ಲರ್. 1951ರಲ್ಲಿ ಪಾಲ್ ಸ್ಲೋನ್ ಅನ್ನುವ ನಟ. ಈ ಸ್ಲೋನ್ ಕಥೆ ನನಗೆ ಬಹಳ ಇಷ್ಟ. ಅವನು ಟಿವಿಯಲ್ಲಿ ಟೂ-ಫೇಸ್ ಪಾತ್ರ ಮಾಡುತ್ತಿರುತ್ತಾನೆ. ಹೊಟ್ಟೆಕಿಚ್ಚಿನ ಒಬ್ಬ ಸೆಟ್ ಕೆಲಸಗಾರ ನಕಲಿ ಆಸಿಡ್ ಜಾಗದಲ್ಲಿ ನಿಜವಾದದ್ದು ಇಡುತ್ತಾನೆ. ನಟನ ಮುಖ ನಿಜವಾಗಿ ಸುಡುತ್ತದೆ. ಆ ಆಘಾತಕ್ಕೆ ಅವನು ತಾನೇ ಟೂ-ಫೇಸ್ ಅಂತ ನಂಬಿಬಿಡುತ್ತಾನೆ. ಗಮನಿಸಿ, ಮನಸ್ಸಿನೊಳಗೆ ಏನೋ ಮುರಿಯುತ್ತದೆ ಅನ್ನುವ ಮಾತು ಇಲ್ಲಿ ಮೆಲ್ಲಗೆ ತಲೆ ಎತ್ತಿದೆ, ಅದೂ ನಕಲಿಯ ಕಥೆಯಲ್ಲಿ.

1954ರಲ್ಲಿ ಒಂದು ಸ್ಫೋಟದಲ್ಲಿ ಹಾರ್ವಿಯ ಸರ್ಜರಿ ಹಾಳಾಗಿ ಅಸಲಿ ಟೂ-ಫೇಸ್ ವಾಪಸ್ ಬಂದ. ಅದೇ ವರ್ಷ ಅಮೆರಿಕದ ಪ್ರಕಾಶಕರು ಮಕ್ಕಳ ಮನಸ್ಸು ಕೆಡಬಾರದು ಅಂತ ಕಾಮಿಕ್ಸ್ ಕೋಡ್ ಮಾಡಿಕೊಂಡರು. ಸುಟ್ಟ ಮುಖದವನು ಪುಟಗಳಿಂದ ಮಾಯ. 1971ರಲ್ಲಿ ಡೆನ್ನಿ ಓನೀಲ್ ಮತ್ತು ನೀಲ್ ಆಡಮ್ಸ್ ಅವನನ್ನು ಮತ್ತೆ ಕರೆತಂದರು.

ಇಲ್ಲಿಂದ ಕಾರಣ ಒಳಗೆ ಇಳಿಯಲು ಶುರುವಾಗುತ್ತದೆ. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಬಹುವ್ಯಕ್ತಿತ್ವವನ್ನು ಒಂದು ಪ್ರತ್ಯೇಕ ಕಾಯಿಲೆ ಅಂತ ಪಟ್ಟಿಗೆ ಸೇರಿಸಿತು. ಚಿಕ್ಕಂದಿನಲ್ಲಿ ತಡೆಯಲಾಗದ ಹಿಂಸೆ ಅನುಭವಿಸಿದ ಮಗುವಿನ ಮನಸ್ಸು ಹೋಳಾಗುತ್ತದೆ ಅನ್ನುವ ವಿವರಣೆ ಟಿವಿ, ಪುಸ್ತಕ ಎಲ್ಲ ಕಡೆ ಓಡಾಡುತ್ತಿದ್ದ ಕಾಲ ಅದು. 1986ರಲ್ಲಿ ಫ್ರಾಂಕ್ ಮಿಲ್ಲರ್ ಬರೆದ ಕಥೆಯಲ್ಲಿ ಹಾರ್ವಿಯ ಮುಖವನ್ನು ಪೂರ್ತಿ ಸರಿಮಾಡಿರುತ್ತಾರೆ. ವೈದ್ಯರು ಗುಣವಾಗಿದೆ ಅಂತ ಸರ್ಟಿಫಿಕೇಟ್ ಕೊಡುತ್ತಾರೆ. ಆದರೆ ಅವನ ಕಣ್ಣಿಗೆ ತನ್ನ ಎರಡೂ ಕಡೆ ಸುಟ್ಟಂತೆಯೇ ಕಾಣುತ್ತದೆ. 1943ರ ಮದ್ದು ಈಗ ಕೆಲಸ ಮಾಡುತ್ತಿಲ್ಲ.

ಆಮೇಲೆ 1990. ಆಂಡ್ರ್ಯೂ ಹೆಲ್ಫರ್ ಬರೆದು ಕ್ರಿಸ್ ಸ್ಪ್ರೌಸ್ ಚಿತ್ರ ಬರೆದ ಬ್ಯಾಟ್‌ಮನ್ ವಾರ್ಷಿಕ ಸಂಚಿಕೆ. ನನ್ನ ಲೆಕ್ಕದಲ್ಲಿ ಟೂ-ಫೇಸ್ ನಿಜವಾಗಿ ಹುಟ್ಟಿದ್ದು ಇಲ್ಲಿ. ಹಾರ್ವಿಯ ಅಪ್ಪ ಕುಡುಕ. ರಾತ್ರಿ ಮನೆಗೆ ಬಂದು ಮಗನನ್ನು ಕರೆಯುತ್ತಾನೆ. ಬಾ, ಒಂದು ಆಟ ಆಡೋಣ. ಹೆಡ್ ಬಿದ್ದರೆ ಹೊಡೆಯುತ್ತೇನೆ, ಟೇಲ್ ಬಿದ್ದರೆ ಇಲ್ಲ. ಹುಡುಗ ನಾಣ್ಯವನ್ನೇ ನೋಡುತ್ತಾ ನಿಲ್ಲುತ್ತಾನೆ. ದಿನಾ ಹೆಡ್ಡೇ ಬೀಳುತ್ತದೆ. ಯಾಕೆಂದರೆ ಆ ನಾಣ್ಯಕ್ಕೆ ಎರಡೂ ಕಡೆ ತಲೆ.

ಒಂದು ಕ್ಷಣ ಯೋಚನೆ ಮಾಡಿ. 1942ರಲ್ಲೂ ನಾಣ್ಯಕ್ಕೆ ಎರಡು ತಲೆ ಇತ್ತು. ಆಗ ಅದು ರೌಡಿಯ ಮೋಸದ ಸಾಮಾನು, ಅಷ್ಟೇ. ಹೆಲ್ಫರ್ ಹೊಸದಾಗಿ ಏನನ್ನೂ ತರಲಿಲ್ಲ. ಅದೇ ನಾಣ್ಯವನ್ನು ಮೊರೋನಿಯ ಜೇಬಿನಿಂದ ತೆಗೆದು ಅಪ್ಪನ ಕೈಗೆ ಕೊಟ್ಟರು. ಅಷ್ಟಕ್ಕೇ ಎಲ್ಲ ಬದಲಾಯಿತು. ಅಪ್ಪನ ನಾಣ್ಯದಲ್ಲಿ ಆ ಹುಡುಗನಿಗೆ ಒಂದು ಸಲವೂ ಅವಕಾಶ ಇರಲಿಲ್ಲ. ದೊಡ್ಡವನಾದ ಮೇಲೆ ಅದರ ಒಂದು ಕಡೆ ಗೀರಿದಾಗ, ಮೊದಲ ಬಾರಿ ಆ ನಾಣ್ಯಕ್ಕೆ ಎರಡು ಬೇರೆ ಬೇರೆ ಮುಖ ಬಂತು. ಗೀರು ಬಿದ್ದ ಮೇಲೆಯೇ ಅದು ನ್ಯಾಯವಾದ ಟಾಸ್! ಖಳ ಎದುರಿಗೆ ನಿಂತವನಿಗೆ ಐವತ್ತಕ್ಕೆ ಐವತ್ತು ಅವಕಾಶ ಕೊಡುತ್ತಾನೆ, ಅಪ್ಪ ಮಗನಿಗೆ ಅದನ್ನೂ ಕೊಟ್ಟಿರಲಿಲ್ಲ. ಕಾಮಿಕ್ಸ್ ಅಂತ ಮೂಗು ಮುರಿಯುವವರಿಗೆ ನಾನು ತೋರಿಸುವುದು ಇದನ್ನೇ.

ಹಾಗಾದರೆ ಟೂ-ಫೇಸ್‌ಗೆ ಬಹುವ್ಯಕ್ತಿತ್ವದ ಕಾಯಿಲೆ ಇತ್ತೇ? ವೈದ್ಯರ ಲೆಕ್ಕದಲ್ಲಿ ಹೊಂದುವುದು ಕಷ್ಟ. 1994ರಲ್ಲಿ ಆ ಕಾಯಿಲೆಯ ಹೆಸರೇ ಬದಲಾಯಿತು. ಅದರ ಮುಖ್ಯ ಲಕ್ಷಣಗಳಲ್ಲಿ ಒಂದು ಮರೆವು. ಒಬ್ಬನಾಗಿದ್ದಾಗ ಮಾಡಿದ್ದು ಇನ್ನೊಬ್ಬನಿಗೆ ನೆನಪಿರುವುದಿಲ್ಲ. ಟೂ-ಫೇಸ್‌ಗೆ ಸಾಮಾನ್ಯವಾಗಿ ಎಲ್ಲ ನೆನಪಿದೆ. ನಮ್ಮ ಕಡೆ ಇಂಥದ್ದನ್ನು ಜನ ಬೇರೆ ರೀತಿ ಹೇಳುತ್ತಾರೆ. ಮೈಮೇಲೆ ಬಂತು, ಗಾಳಿ ಸೋಕಿದೆ ಅಂತಾರೆ. 2013ರ ಕೈಪಿಡಿ ಈ ಮೈಮೇಲೆ ಬರುವ ಅನುಭವವನ್ನೂ ಲಕ್ಷಣಗಳಲ್ಲಿ ಸೇರಿಸಿಕೊಂಡಿದೆ. ನೀವೆಲ್ಲ ಆಪ್ತಮಿತ್ರ ನೋಡಿದವರೇ. ಅಲ್ಲಿ ಗಂಗಾ ನಾಗವಲ್ಲಿ ಆಗುತ್ತಾಳೆ. ಅವಳನ್ನು ಹೆದರಿಸಿ ಓಡಿಸುವುದಿಲ್ಲ, ಗುಣಪಡಿಸುತ್ತಾರೆ. ಬ್ಯಾಟ್‌ಮನ್ ಕಥೆಯಲ್ಲಿ ಮಾತ್ರ ಗುಣವಾದರೆ ಮುಂದಿನ ಸಂಚಿಕೆ ಇಲ್ಲ. ವ್ಯಾಪಾರದ ಸಮಸ್ಯೆ ಅದು.

1992ರ ಕಾರ್ಟೂನ್ ಸರಣಿಯಲ್ಲಿ ಬಂದ ಎರಡು ಭಾಗದ ಕಥೆ ಈ ವಿಷಯದಲ್ಲಿ ಎಲ್ಲಕ್ಕಿಂತ ಜಾಣತನದ್ದು. ಅಲ್ಲಿ ಮುಖ ಸುಡುವುದಕ್ಕೆ ಮುಂಚೆಯೇ ಹಾರ್ವಿ ಮನೋವೈದ್ಯರ ಹತ್ತಿರ ಹೋಗುತ್ತಿರುತ್ತಾನೆ. ಸಿಟ್ಟನ್ನು ಚಿಕ್ಕಂದಿನಿಂದ ಒಳಗೇ ನುಂಗಿ ನುಂಗಿ ಇನ್ನೊಬ್ಬ ಹಾರ್ವಿ ಬೆಳೆದಿರುತ್ತಾನೆ. ಶಾಲೆಯಲ್ಲಿ ಕಾಟ ಕೊಟ್ಟ ಹುಡುಗನಿಗೆ ಒಂದು ಸಲ ಹೊಡೆದದ್ದು, ಮಾರನೇ ದಿನ ಆ ಹುಡುಗ ಆಸ್ಪತ್ರೆ ಸೇರಿದ್ದು, ತನ್ನಿಂದಲೇ ಅಂತ ಇವನು ಕೊರಗಿದ್ದು. ಅಸಲಿಗೆ ಆ ಹುಡುಗನಿಗೆ ಆಗಿದ್ದು ಅಪೆಂಡಿಸೈಟಿಸ್. ಈಗ ಹಾರ್ವಿ ಚುನಾವಣೆಗೆ ನಿಂತಿದ್ದಾನೆ, ಅಲ್ಲಿ ಸರ್ಕಾರಿ ವಕೀಲರನ್ನು ಜನ ಓಟು ಹಾಕಿ ಆರಿಸುತ್ತಾರೆ. ರೂಪರ್ಟ್ ಥಾರ್ನ್ ಅನ್ನುವ ರೌಡಿ ಕೈಗೆ ಡಾಕ್ಟರ ಫೈಲ್ ಸಿಗುತ್ತದೆ. ನಾನು ಹೇಳಿದಂತೆ ಕೇಳು, ಇಲ್ಲದಿದ್ದರೆ ಊರಿಗೆಲ್ಲ ಹಂಚುತ್ತೇನೆ. ಅಲ್ಲಿಗೆ ಹಾರ್ವಿ ಕುಸಿಯುತ್ತಾನೆ. ಅವನನ್ನು ಮುರಿದದ್ದು ಕಾಯಿಲೆ ಅಲ್ಲ, ಕಾಯಿಲೆ ಗೊತ್ತಾದರೆ ಜನ ಏನಂತಾರೋ ಅನ್ನುವ ಭಯ.

ಇದನ್ನು ಮೈಸೂರಿನವರಿಗೆ ನಾನು ವಿವರಿಸಬೇಕಾಗಿಲ್ಲ. ಮಂಡ್ಯದಲ್ಲಿ ಹುಟ್ಟಿ, ಮೈಸೂರಿನಲ್ಲಿ ಬದುಕಿ, 1963ರಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡ ತ್ರಿವೇಣಿ ಇದನ್ನೇ ಶರಪಂಜರದಲ್ಲಿ ಬರೆದಿದ್ದರು. ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬರುತ್ತಾಳೆ. ಗುಣವಾಗಿದ್ದಾಳೆ ಅಂತ ಒಪ್ಪಿಕೊಳ್ಳಲು ಮನೆಯವರಿಗೇ ಆಗುವುದಿಲ್ಲ. ಅವಳು ನಕ್ಕರೂ ಸಂಶಯ, ಸಿಟ್ಟು ಮಾಡಿದರೂ ಸಂಶಯ. ತ್ರಿವೇಣಿ ಅವಳನ್ನು ಖಳನಾಯಕಿ ಮಾಡಲಿಲ್ಲ. ಅವಳ ಸುತ್ತ ಇದ್ದವರ ಕಡೆ ಬೆರಳು ತೋರಿಸಿದರು. ಥಾರ್ನ್ ಕೈಯಲ್ಲಿದ್ದ ಆ ಫೈಲ್, ನಮ್ಮ ಬೀದಿಗಳಲ್ಲಿ ಬಾಯಿಂದ ಬಾಯಿಗೆ ಹೋಗುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಇಂಥ ಮಾಹಿತಿ ಗುಟ್ಟಾಗಿರಬೇಕು ಅಂತ ಹಕ್ಕು ಕೊಟ್ಟಿದೆ. ಪಕ್ಕದ ಮನೆ ಅಜ್ಜಿಗೆ ಆ ಕಾಯ್ದೆ ತಲುಪಿಲ್ಲ.

2008ರ ಡಾರ್ಕ್ ನೈಟ್ ಸಿನಿಮಾದ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಅಲ್ಲಿ ಆಸಿಡ್ ಇಲ್ಲ, ಹೊಡೆಯುವ ಅಪ್ಪ ಇಲ್ಲ, ಕಾಯಿಲೆಯೂ ಇಲ್ಲ. ಎರಡು ತಲೆಯ ನಾಣ್ಯ ಅಪ್ಪನದು ಅನ್ನುವುದಷ್ಟೇ ಉಳಿದಿದೆ. ಚಾಕುವಿನ ಗೀರಿಲ್ಲ, ಬೆಂಕಿಯಲ್ಲಿ ಒಂದು ಕಡೆ ಕಪ್ಪಾಗುತ್ತದೆ. ಪ್ರೀತಿಸಿದವಳು ಸತ್ತದ್ದೇ ಕಾರಣ. ಸಿನಿಮಾ ಚೆನ್ನಾಗಿದೆ, ಆದರೆ ಅವನು ಇಬ್ಬರಾಗುವುದಿಲ್ಲ, ಒಬ್ಬನೇ ಕೆಟ್ಟುಹೋಗುತ್ತಾನೆ. ನನಗೆ ಹೆಲ್ಫರ್ ಬರೆದ ಅಪ್ಪನೇ ಜಾಸ್ತಿ ಭಯ ಹುಟ್ಟಿಸುತ್ತಾನೆ. ಹೊಸದಾಗಿ ಓದುವವರು ಆ 1990ರ ಸಂಚಿಕೆಯಿಂದ ಶುರು ಮಾಡಿ, ಆಮೇಲೆ 1942ಕ್ಕೆ ಹೋಗಿ. ತಲೆಕೆಳಗಾಗಿ ಓದಿದರೇ ನಾಣ್ಯದ ಆಟ ಚೆನ್ನಾಗಿ ಕಾಣುತ್ತದೆ.

ಈಗ ಪ್ರಶ್ನೆಗಳು. ವಕೀಲರು ಆಗಲೇ ಕೈ ಎತ್ತಿದ್ದಾರೆ, ಮುಖವಾಡ ಹಾಕಿದವನ ಸಾಕ್ಷಿ ನಡೆಯುತ್ತದೆಯೋ ಇಲ್ಲವೋ ಮೊದಲು ಅದನ್ನೇ ಕೇಳಿಬಿಡೋಣ.