ಚಾಕುವಿಗೆ ಒಂದು ಚರ್ಮದ ಪಟ್ಟಿ

ನಮಸ್ಕಾರ ಕೇಳುಗರೇ. ಮೊನ್ನೆ ಮೊನ್ನೆ ಸಾಣೆ ಹಿಡಿಸಿದ ಚಾಕು ಆಗಲೇ ಮೊಂಡಾಗಿದೆ, ಟೊಮೆಟೊ ಹೆಚ್ಚಲು ಹೋದರೆ ಸಿಪ್ಪೆಯ ಮೇಲೇ ಜಾರುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಸಾಣೆ ಹಿಡಿದವರನ್ನು ಸುಮ್ನೆ ಬೈಯಬೇಡಿ. ಕಲ್ಲಿಗೆ ಉಜ್ಜಿದಾಗ ಅಲಗಿನ ತುದಿಯಲ್ಲಿ ತೀರಾ ತೆಳುವಾದ ಲೋಹದ ಎಳೆಯೊಂದು ಏಳುತ್ತದೆ, ಒಂದು ಪಕ್ಕಕ್ಕೆ ಮಡಚಿಕೊಂಡಿರುತ್ತದೆ. ಕಣ್ಣಿಗೆ ಸುಲಭಕ್ಕೆ ಕಾಣುವುದಿಲ್ಲ. ಚಾಕುವಿನ ಬೆನ್ನಿನ ಕಡೆಯಿಂದ ಅಲಗಿನ ಆಚೆಗೆ ಬೆರಳನ್ನು ಮೆಲ್ಲಗೆ ಸರಿಸಿದರೆ ಒರಟಾಗಿ ತಾಗುತ್ತದೆ, ಅದೇ ಅದು. ಈ ಎಳೆ ನೆಟ್ಟಗಿರುವಷ್ಟು ದಿನ ಚಾಕು ಚೆನ್ನಾಗಿ ಕೊಯ್ಯುತ್ತದೆ, ಬಾಗಿದರೆ ಅಥವಾ ಮುರಿದು ಉದುರಿದರೆ ಮತ್ತೆ ಮೊಂಡು.

ಅದನ್ನು ತೆಗೆಯಲು ಚರ್ಮ ಬೇಕು. ಹಿಂದೆ ಕ್ಷೌರದಂಗಡಿಗಳಲ್ಲಿ ಮಡಚುವ ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ಆ ಕಡೆ ಈ ಕಡೆ ಸರಸರ ಎಳೆದೇ ಗಡ್ಡಕ್ಕೆ ಇಡುತ್ತಿದ್ದರು, ಹಿರಿಯರಿಗೆ ನೆನಪಿರಬಹುದು. ಬ್ಲೇಡು ಬದಲಿಸುವ ಕತ್ತಿ ಬಂದ ಮೇಲೆ ಆ ಪಟ್ಟಿ ಮರೆಯಾಯಿತು. ಅಡುಗೆಮನೆಗೆ ಅದನ್ನು ವಾಪಸ್ ತರಬೇಕು ಅನ್ನುವುದು ನನ್ನ ಆಸೆ.

ಖರ್ಚೇನೂ ಜಾಸ್ತಿ ಇಲ್ಲ. ಹಳೇ ಬೆಲ್ಟು ಸಾಕು, ಆದರೆ ನಿಜವಾದ ಚರ್ಮದ್ದಾಗಿರಬೇಕು, ರೆಕ್ಸಿನ್ ನಡೆಯುವುದಿಲ್ಲ. ಒಂದು ಗೇಣಿಗಿಂತ ಸ್ವಲ್ಪ ಉದ್ದ ಕತ್ತರಿಸಿ, ಸಮತಟ್ಟಾದ ಮರದ ಹಲಗೆಗೆ ಅಂಟಿಸಿ. ಲೋಹಕ್ಕೆ ಹೊಳಪು ಕೊಡುವ ಹಸಿರು ಪಾಲಿಶ್ ಕಡ್ಡಿ ಸಿಗುತ್ತದೆ, ಅದನ್ನು ಬಳಪದ ಹಾಗೆ ಚರ್ಮದ ಮೇಲೆ ತೆಳ್ಳಗೆ ಉಜ್ಜಿ. ಅದರ ಹಸಿರು ಬಣ್ಣ ಕ್ರೋಮಿಯಂ ಆಕ್ಸೈಡಿನದು. ನಯವಾದ ಕಡ್ಡಿಯಲ್ಲಿ ಕಣಗಳು ಸುಮಾರು ಅರ್ಧ ಮೈಕ್ರಾನ್, ಅಂದರೆ ಮಿಲಿಮೀಟರಿನ 2000ದಲ್ಲಿ ಒಂದು ಪಾಲು. ಹಾಗಾಗಿ ಲೋಹ ಸವೆಯುವುದು ತೀರಾ ಕಡಿಮೆ, ಹೊಳಪು ಮಾತ್ರ ಚೆನ್ನಾಗಿ ಬರುತ್ತದೆ.

ಈಗ ಎಳೆಯುವ ರೀತಿ. ಚಾಕುವಿನ ಬೆನ್ನು ಮುಂದೆ, ಅಲಗು ಹಿಂದೆ. ಉಲ್ಟಾ ಮಾಡಿದರೆ ಚರ್ಮ ಸೀಳುತ್ತದೆ. ಕಲ್ಲಿನ ಮೇಲೆ ಎಷ್ಟು ಓರೆಯಾಗಿ ಹಿಡಿದಿದ್ದಿರೋ ಅಷ್ಟೇ ಇರಲಿ, ಅಡುಗೆ ಚಾಕುವಿಗೆ ಸಾಮಾನ್ಯವಾಗಿ 15ರಿಂದ 20 ಡಿಗ್ರಿ. ದಯವಿಟ್ಟು ಒತ್ತಬೇಡಿ! ಇದನ್ನು ಎರಡು ಸಲ ಹೇಳಿದರೂ ತಪ್ಪಿಲ್ಲ, ಯಾಕೆಂದರೆ ಚರ್ಮ ಮೆತ್ತಗಿನದು, ಒತ್ತಿದರೆ ತಗ್ಗುತ್ತದೆ, ಅಲಗು ದಾಟುವಾಗ ಮತ್ತೆ ಮೇಲೆದ್ದು ತುದಿಯನ್ನೇ ಗುಂಡಗೆ ಮಾಡಿಬಿಡುತ್ತದೆ, ಆಗ ಕಲ್ಲಿನ ಮೇಲೆ ಪಟ್ಟ ಶ್ರಮವೆಲ್ಲ ದಂಡ. ಚಾಕುವಿನ ಭಾರವೇ ಸಾಕು. ಕೊನೆಗೆ ಬಂದಾಗ ಕೈ ತಿರುಚಿ ಎತ್ತುವುದೂ ಬೇಡ. ನಿಲ್ಲಿಸಿ, ಆಮೇಲೆ ನೇರ ಮೇಲೆತ್ತಿ. ಒಂದು ಸಲ ಈ ಪಕ್ಕ, ಒಂದು ಸಲ ಆ ಪಕ್ಕ, ಹತ್ತು ಹತ್ತು ಸಲ ಆದರೆ ಸಾಕು.

ಈಳಿಗೆ ಮಣೆ ಇದ್ದರೆ? ಅದರ ಅಲಗು ಕದಲುವುದಿಲ್ಲ ಅಲ್ವಾ, ಆದ್ದರಿಂದ ಒಂದು ಕೋಲಿಗೆ ಚರ್ಮ ಸುತ್ತಿ, ಬೆನ್ನಿನ ಕಡೆಯಿಂದ ಅಲಗಿನ ಕಡೆಗೆ, ಬೆರಳು ದೂರ ಇಟ್ಟು ಸವರಿ. ಹಲ್ಲಿರುವ ಬ್ರೆಡ್ ಚಾಕುವಿಗೆ ಮಾತ್ರ ಈ ಹಲಗೆ ಆಗಿಬರುವುದಿಲ್ಲ.

ವಾರಕ್ಕೊಮ್ಮೆ ಹೀಗೆ ಮಾಡಿದರೆ ಕಲ್ಲಿನ ಕೆಲಸ ಬಹಳ ಕಡಿಮೆಯಾಗುತ್ತದೆ. ಪಟ್ಟಿಗೆ ಎಳೆದ ಮೇಲೂ ನ್ಯೂಸ್‌ಪೇಪರ್ ಹಾಳೆ ಸಲೀಸಾಗಿ ಸೀಳದೆ ಅಲ್ಲಲ್ಲಿ ತಡೆದರೆ, ಮತ್ತೆ ಕಲ್ಲು ಹಿಡಿಯುವ ಹೊತ್ತಾಗಿದೆ ಅಂತ ತಿಳಿಯಿರಿ.